ಬೆಲೆ ಏರಿಕೆಯ ಲೆಕ್ಕ: ಏಷ್ಯದ ನಾಲ್ಕು ದೇಶಗಳು

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಅಧ್ಯಾಪಕನಿಗೆ ಹಣದುಬ್ಬರದ ಮಾತೇಕೆ ಎಂದು ನೀವು ಕೇಳಬಹುದು. ಗೊಬ್ಬರ, ಡೀಸೆಲ್, ಕೂಲಿ ಇವುಗಳ ಲೆಕ್ಕವಿಲ್ಲದೆ ಬೇಸಾಯವೆಲ್ಲಿದೆ?

ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ, 2023ರ ಜನವರಿಯಲ್ಲಿ ಜಪಾನಿನ ಬೆಲೆ ಏರಿಕೆ ಶೇಕಡಾ 4.3. ಅಲ್ಲಿನವರಿಗೆ ನಾಲ್ಕು ದಶಕಗಳಲ್ಲೇ ಅದು ಹೆಚ್ಚಿನದು! ನಮ್ಮಲ್ಲಿ 2022ರ ಏಪ್ರಿಲ್‌ನಲ್ಲಿ 7.8, ಪಾಕಿಸ್ತಾನದಲ್ಲಿ 2023ರ ಮೇನಲ್ಲಿ 38, ಶ್ರೀಲಂಕಾದ ಕೊಲಂಬೊದಲ್ಲಿ 2022ರ ಸೆಪ್ಟೆಂಬರಿನಲ್ಲಿ ಸುಮಾರು 70.

ಈ ಅಂಕಿಗಳನ್ನು ಹಾಗೆಯೇ ಪಕ್ಕಪಕ್ಕದಲ್ಲಿಟ್ಟು ತೀರ್ಮಾನಿಸುವುದು ಸರಿಯಲ್ಲ. ಪ್ರತಿ ದೇಶವೂ ತನ್ನ ಜನರ ಖರ್ಚಿಗೆ ತಕ್ಕಂತೆ ಸಾಮಾನುಗಳಿಗೆ ತೂಕ ಕೊಟ್ಟು ಸೂಚ್ಯಂಕ ಕಟ್ಟುತ್ತದೆ. 2012ನ್ನು ಮೂಲ ವರ್ಷವಾಗಿಟ್ಟುಕೊಂಡಿದ್ದ ನಮ್ಮ ಸರಣಿಯಲ್ಲಿ ಆಹಾರದ ತೂಕ ನೂರಕ್ಕೆ ಸುಮಾರು 46 ಇತ್ತು. ಜಪಾನಿನ 2020ರ ಸರಣಿಯಲ್ಲಿ ಸುಮಾರು 26. ಉಳಿದ ಬೆಲೆಗಳು ಅಲುಗದೆ ಆಹಾರ ಮಾತ್ರ ಶೇಕಡಾ 20 ತುಟ್ಟಿಯಾಯಿತೆನ್ನಿ. ನಮ್ಮ ಆ ಸರಣಿಯ ಸೂಚ್ಯಂಕ 9ಕ್ಕಿಂತ ಹೆಚ್ಚು ಏರುತ್ತದೆ, ಅವರದು 5ರ ಆಸುಪಾಸು. ಪೆಟ್ಟು ಒಂದೇ, ಅಂಕಿ ಬೇರೆ.

ಶ್ರೀಲಂಕಾದ ಕಥೆಯನ್ನು ಮಾತ್ರ ರೈತರಾದ ನಾವು ನಿಂತು ನೋಡಬೇಕು. 2021ರ ಮೇನಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ನಿಷೇಧಿಸಿತು. ನವೆಂಬರಿನಲ್ಲಿ ಸಡಿಲಿಸಿದರೂ ಭತ್ತಕ್ಕೆ ಸಾರಜನಕ ಸಕಾಲಕ್ಕೆ ಒದಗಲಿಲ್ಲ, ಇಳುವರಿ ಕುಸಿಯಿತು. ಸಾವಯವ ಗೊಬ್ಬರದ ಮೇಲೆ ನನ್ನ ದೂರಿಲ್ಲ. ಇಡೀ ದೇಶವನ್ನು ಒಂದೇ ಹಂಗಾಮಿನಲ್ಲಿ ಬದಲಿಸಹೊರಟದ್ದು ತಪ್ಪು. ಗೊಬ್ಬರವೊಂದೇ ಕಾರಣವೂ ಅಲ್ಲ. ವಿದೇಶಿ ವಿನಿಮಯ ಬರಿದಾಗಿತ್ತು. 2022ರ ಮಾರ್ಚ್ ಆರಂಭದಲ್ಲಿ ಒಂದು ಡಾಲರಿಗೆ ಅಲ್ಲಿನ ರೂಪಾಯಿ ಸುಮಾರು 200 ಇದ್ದದ್ದು ಮೇ ವೇಳೆಗೆ 350 ದಾಟಿತು. ಆಮದಾಗುವ ಇಂಧನ, ಗೋಧಿ, ಹಾಲಿನ ಪುಡಿ ಎಲ್ಲ ತುಟ್ಟಿಯಾದವು. ಸೆಪ್ಟೆಂಬರಿನ ಹೊತ್ತಿಗೆ ಕೊಲಂಬೊದಲ್ಲಿ ಆಹಾರದ ಬೆಲೆ ವರ್ಷದೊಳಗೆ ಸುಮಾರು ಶೇಕಡಾ 95 ಏರಿತ್ತು.

ಮರುವರ್ಷ, 2023ರ ಸೆಪ್ಟೆಂಬರಿನಲ್ಲಿ, ಏರಿಕೆ ಕೇವಲ ಶೇಕಡಾ 1.3. ಬೆಲೆ ಇಳಿಯಿತೆಂದು ಭಾವಿಸಬೇಡಿ. 2021ರಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನು 2022ಕ್ಕೆ 170 ಆಯಿತು, 2023ಕ್ಕೆ 172. ಏರುವ ವೇಗ ತಗ್ಗಿತು, ಏರಿದ್ದು ಹಾಗೆಯೇ ಉಳಿಯಿತು.

"ಹಣದುಬ್ಬರ ಇಳಿಕೆ" ಎಂದು ಪತ್ರಿಕೆಯಲ್ಲಿ ಓದಿ, ಪಂಪ್‌ಸೆಟ್ಟೋ ಸಿಂಪರಣಾ ಯಂತ್ರವೋ ಅಗ್ಗವಾದೀತೆಂದು ಖರೀದಿಯನ್ನು ಮುಂದೂಡಿದವರು ನಮ್ಮಲ್ಲೂ ಇದ್ದಾರೆ. ಮುಂದಿನ ಹಂಗಾಮಿನ ಖರ್ಚನ್ನು ಅಂದಾಜು ಮಾಡುವಾಗ ಆ ಶೇಕಡಾವಾರನ್ನು ಬದಿಗಿಟ್ಟು, ನಿಮ್ಮ ಊರಿನ ಅಂಗಡಿಯಲ್ಲಿ ಈ ವಾರ ಕೇಳಿದ ಬೆಲೆಯನ್ನೇ ಬರೆದುಕೊಳ್ಳಿ.