ಬೋರ್ಡಿಗೆ ಕಾನೂನಿದೆ, ಹೋಟೆಲಿಗೆ ಯಾರಿದ್ದಾರೆ?

(ಹೆಗ್ಗನಹಳ್ಳಿಯಲ್ಲಿ ಕನ್ನಡ ಯುವಜನರ ಮುಂದೆ ಆಡಿದ ಮಾತುಗಳ ಬರಹರೂಪ)



ಇಂಥ ಸಭೆಗಳಲ್ಲಿ ಗಡಿ, ನದಿ, ಉದ್ಯೋಗ, ನಾಮಫಲಕ ಎಂದು ಮಾತಾಡುವುದು ವಾಡಿಕೆ. ಇವತ್ತು ನಾನು ಇಡ್ಲಿಯ ವಿಷಯ ಮಾತಾಡುತ್ತೇನೆ. ನಗಬೇಡಿ. ಮಾತು ಮುಗಿಯುವ ಹೊತ್ತಿಗೆ ಇಡ್ಲಿಗೂ ನಾಮಫಲಕಕ್ಕೂ ಇರುವ ನಂಟು ನಿಮಗೇ ಹೊಳೆಯುತ್ತದೆ.

ಪೀಣ್ಯದಲ್ಲಿ ಮೆಟ್ರೋ ಹತ್ತಿ. ಗೊರಗುಂಟೆಪಾಳ್ಯ, ಯಶವಂತಪುರ, ರಾಜಾಜಿನಗರ, ಶ್ರೀರಾಂಪುರ ದಾಟಿದರೆ ಸಂಪಿಗೆ ರಸ್ತೆ ನಿಲ್ದಾಣ. ಅಲ್ಲಿಳಿದು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ನಡೆದರೆ ಒಂದು ಕಾಲಕ್ಕೆ ನ್ಯೂ ಕೃಷ್ಣ ಭವನ ಸಿಗುತ್ತಿತ್ತು. 1954ರಲ್ಲಿ ಶುರುವಾದ ಹೋಟೆಲು. ಜನರ ಬಾಯಲ್ಲಿ ಎನ್‌ಕೆಬಿ. ತುಪ್ಪ ಸುರಿದ ಬಟನ್ ಇಡ್ಲಿ, ಹಸಿರು ಮಸಾಲೆಯ ಇಡ್ಲಿ, ರಾಗಿ ದೋಸೆ. ಮದುವೆಯ ಸೀರೆ ಕೊಳ್ಳಲು ಮಲ್ಲೇಶ್ವರಕ್ಕೆ ಬಂದ ಸಂಸಾರ, ಕಾಲೇಜು ಹುಡುಗರು, ಬೆಳಗಿನ ನಡಿಗೆ ಮುಗಿಸಿದ ಪಿಂಚಣಿದಾರರು, ಎಲ್ಲರೂ ಅಲ್ಲಿ ಒಂದೇ ಮೇಜಿನ ಸುತ್ತ ಕೂರುತ್ತಿದ್ದರು.

2023ರ ಡಿಸೆಂಬರ್ 6ರಂದು ಆ ಹೋಟೆಲು ಬಾಗಿಲು ಮುಚ್ಚಿತು. ಹೆಚ್ಚುಕಡಿಮೆ ಎಪ್ಪತ್ತು ವರ್ಷದ ಒಲೆ ಆರಿತು.

ಅದಾಗಿ ಮೂರೇ ವಾರ. 2023ರ ಡಿಸೆಂಬರ್ 27ರಂದು ಕನ್ನಡ ನಾಮಫಲಕಕ್ಕಾಗಿ ಇದೇ ಬೆಂಗಳೂರಿನ ಬೀದಿಗಳಲ್ಲಿ ದೊಡ್ಡ ಹೋರಾಟ ನಡೆಯಿತು. ಇಂಗ್ಲಿಷ್ ಬೋರ್ಡುಗಳು ಕೆಳಗಿಳಿದವು, ಹೋರಾಟಗಾರರು ಜೈಲಿಗೆ ಹೋದರು. 2024ರಲ್ಲಿ ಕಾನೂನಿಗೆ ತಿದ್ದುಪಡಿಯೂ ಬಂತು. ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು. ಒಳ್ಳೆಯದು, ಬೇಕಾಗಿತ್ತು. ಆದರೆ ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬೋರ್ಡಿನ ಮೇಲೆ ಕನ್ನಡ ಬರೆಸಲು ಕಾನೂನು ಬಂತು. ಬೋರ್ಡಿನ ಹಿಂದೆ ಎಪ್ಪತ್ತು ವರ್ಷ ಕನ್ನಡ ಮಾತಾಡಿದ ಹೋಟೆಲನ್ನು ಉಳಿಸಲು ಯಾವ ಕಾನೂನಿತ್ತು? "ಬನ್ನಿ ಸಾರ್, ಏನ್ ಕೊಡ್ಲಿ?" ಎನ್ನುವ ಮನುಷ್ಯ ಗಲ್ಲಾದ ಹಿಂದೆ ಇರಲೇಬೇಕು ಎಂದು ಯಾವ ವಿಧಾನಸೌಧ ಆಜ್ಞೆ ಮಾಡಲು ಸಾಧ್ಯ?

ಹೋಟೆಲು ಎಂಬ ಶಾಲೆ

ಬೆಂಗಳೂರಿನ ಹೋಟೆಲು ಬರೀ ತಿಂಡಿಯ ಜಾಗವಾಗಿರಲಿಲ್ಲ. ಕುಂದಾಪುರ, ಉಡುಪಿ ಕಡೆಯಿಂದ ಬಂದ ಹುಡುಗ ಲೋಟ ತೊಳೆಯುವ ಕೆಲಸಕ್ಕೆ ಸೇರುತ್ತಿದ್ದ. ಕ್ಲೀನರ್ ಇದ್ದವನು ಸಪ್ಲೈಯರ್ ಆಗುತ್ತಿದ್ದ, ಆಮೇಲೆ ಅಡಿಗೆಮನೆ, ಆಮೇಲೆ ಗಲ್ಲಾ, ಕೊನೆಗೆ ತನ್ನದೇ ಒಂದು ಸಣ್ಣ ಹೋಟೆಲು. ಮುಂಬಯಿಗೆ ಹೋದ ನಮ್ಮ ಹೋಟೆಲು ಹುಡುಗರಿಗಾಗಿ ಅಲ್ಲಿ ಕನ್ನಡ ರಾತ್ರಿ ಶಾಲೆಗಳೇ ನಡೆದವು. ಹಗಲು ತಟ್ಟೆ ತೊಳೆದ ಕೈ ರಾತ್ರಿ ಸ್ಲೇಟು ಹಿಡಿಯಿತು.

ಇನ್ನು ಗಿರಾಕಿಯ ಕಡೆಯಿಂದ ನೋಡಿ. ಸಪ್ಲೈಯರ್ ಬಂದು ನಿಂತು ಒಂದೇ ಉಸಿರಿನಲ್ಲಿ ಇಡ್ಲಿ, ವಡೆ, ಉಪ್ಪಿಟ್ಟು, ಕೇಸರಿಬಾತು, ಖಾಲಿ, ಸೆಟ್ಟು, ಮಸಾಲೆ ಎಂದು ಒಪ್ಪಿಸುತ್ತಿದ್ದ. ಈ ಊರಿಗೆ ಹೊಸದಾಗಿ ಬಂದ ಬೇರೆ ಭಾಷೆಯವನೂ ಮೊದಲು ಕಲಿತ ಕನ್ನಡ ಇದೇ. "ಒಂದು ಕಾಫಿ ಬೈಟು", "ಚಟ್ನಿ ಹಾಕಿ", "ಬಿಲ್ ಕೊಡಿ". ಯಾರೂ ಬೆತ್ತ ಹಿಡಿದು ಕಲಿಸಲಿಲ್ಲ. ಹಸಿವು ಕಲಿಸಿತು. ಕನ್ನಡ ಬಾರದೆ ಊಟ ಕಷ್ಟ ಎಂಬ ಸ್ಥಿತಿ ಇತ್ತು ನೋಡಿ, ಅದು ನೂರು ಭಾಷಣಕ್ಕೆ ಸಮ.

ಈಗ ಮೇಜಿನ ಮೇಲೆ ಒಂದು ಚೌಕದ ಚಿತ್ರ ಅಂಟಿಸಿರುತ್ತಾರೆ. ಮೊಬೈಲು ಹಿಡಿದರೆ ಇಂಗ್ಲಿಷಿನಲ್ಲಿ ಪಟ್ಟಿ ತೆರೆಯುತ್ತದೆ. ಬೆರಳು ಒತ್ತಿದರೆ ತಟ್ಟೆ ಬರುತ್ತದೆ. ತಿಂದು ಎದ್ದು ಹೋಗುವವರೆಗೆ ಒಂದು ಮಾತೂ ಬೇಕಿಲ್ಲ. ಕನ್ನಡ ಮಾತ್ರವಲ್ಲ, ಯಾವ ಭಾಷೆಯೂ ಬೇಕಿಲ್ಲ! ಭಾಷೆಯನ್ನು ಯಾರೂ ಒದ್ದು ಓಡಿಸಬೇಕಾಗಿಲ್ಲ ಗೆಳೆಯರೇ, ಅದಕ್ಕೆ ಕೆಲಸ ಇಲ್ಲದಂತೆ ಮಾಡಿದರೆ ಸಾಕು.

ಗಿರಾಕಿ ಇಲ್ಲದೆ ಮುಚ್ಚಿತೇ?

ಎನ್‌ಕೆಬಿ ಮುಚ್ಚಿದ್ದು ಜನ ಬಾರದೆ ಅಲ್ಲ, ರುಚಿ ಕೆಟ್ಟೂ ಅಲ್ಲ. ಮುಚ್ಚುವ ಸುದ್ದಿ ಹಬ್ಬಿದಾಗ ಕೊನೆಯ ಬಾರಿ ತಿನ್ನಲು ಜನ ಮುಗಿಬಿದ್ದರು. ಪತ್ರಿಕೆಗಳು ಬರೆದವು, ಮೊಬೈಲಿನಲ್ಲಿ ಕಣ್ಣೀರು ಹರಿಯಿತು. ಮನೆಯವರ ನಿರ್ಧಾರ ಮನೆಯವರದು, ಅದನ್ನು ಪ್ರಶ್ನಿಸುವ ಹಕ್ಕು ಹೊರಗಿನವರಿಗಿಲ್ಲ. ಎಪ್ಪತ್ತು ವರ್ಷ ಬೆಳಗಿನ ಜಾವಕ್ಕೆ ಎದ್ದು ಹಿಟ್ಟು ರುಬ್ಬಿಸಿದವರಿಗೆ ನಮಸ್ಕಾರ ಹೇಳಬೇಕು, ಅಷ್ಟೆ. ಆದರೆ ಇಂಥ ಹೋಟೆಲು ನಡೆಸುವುದು ಈ ನಗರದಲ್ಲಿ ಏಕೆ ಇಷ್ಟು ಕಷ್ಟವಾಗಿದೆ ಎಂದು ಕೇಳುವ ಹಕ್ಕು ನಿಮಗಿದೆ.

ಮೊದಲನೆಯದು ನೆಲ. ಹೋಟೆಲಿನ ಜಾಗ ಸ್ವಂತದ್ದಾದರೆ, ಆ ನೆಲದ ಬೆಲೆಯ ಬಡ್ಡಿಯನ್ನು ಇಡ್ಲಿ ಮಾರಿ ದುಡಿಯಲು ಆಗುವುದಿಲ್ಲ. ಬಾಡಿಗೆಯದಾದರೆ ಇನ್ನೊಂದು ಕಷ್ಟ. ಒಂದು ಸಣ್ಣ ಲೆಕ್ಕ ಹಾಕಿ. ತಿಂಗಳಿಗೆ ಒಂದು ಲಕ್ಷ ಬಾಡಿಗೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 1,18,000. ಹೋಟೆಲಿನವನು ಗಿರಾಕಿಯಿಂದ ಪಡೆಯುವ ತೆರಿಗೆ ಶೇಕಡಾ 5. ಆದರೆ ಬಾಡಿಗೆಗೆ ಕಟ್ಟಿದ 18ನ್ನು ಅದರಲ್ಲಿ ಕಳೆದುಕೊಳ್ಳಲು ಅವನಿಗೆ ಅವಕಾಶವಿಲ್ಲ. ಪ್ಲೇಟಿಗೆ ಐದು ರೂಪಾಯಿ ಉಳಿದರೆ, ಬಾಡಿಗೆಗೆಂದೇ ತಿಂಗಳಿಗೆ 23,600 ಪ್ಲೇಟು ಮಾರಬೇಕು. ದಿನಕ್ಕೆ ಹತ್ತಿರ ಹತ್ತಿರ 790. ಇದಾದ ಮೇಲೆ ತಾನೇ ಅವನ ಮನೆಯ ಅಕ್ಕಿ!

ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ ನೆನಪಿದೆಯೇ? ತಲೆಗೆ ಪೇಟ, ಸೊಂಟಕ್ಕೆ ಪಟ್ಟಿ ಕಟ್ಟಿದವರು ಕಾಫಿ ತಂದಿಡುತ್ತಿದ್ದರು. ಜನ ತುಂಬಿಯೇ ಇರುತ್ತಿದ್ದರು. ಆದರೂ 2009ರಲ್ಲಿ ಆ ಜಾಗ ಖಾಲಿ ಮಾಡಿ ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ನೆಲ ಅವರದಾಗಿರಲಿಲ್ಲ. ಐವತ್ತು ವರ್ಷದ ಪ್ರೀತಿ ಬಾಡಿಗೆ ಕರಾರಿನ ಮುಂದೆ ನಿಲ್ಲಲಿಲ್ಲ.

ಎರಡನೆಯದು ಕೈ. ಕರಾವಳಿಯ ಹುಡುಗ ಈಗ ಓದಿ ಬೇರೆ ಕೆಲಸಕ್ಕೆ ಹೋಗುತ್ತಾನೆ. ಹೋಗಲಿ, ಅದು ಅವನ ಏಳಿಗೆ. ಮಾಲೀಕನ ಮಗನಿಗೂ ಬೆಳಗಿನ ಜಾವದ ಒಲೆ ಬೇಡ. ಆ ಜಾಗಕ್ಕೆ ಒಡಿಶಾ, ಅಸ್ಸಾಂ, ನೇಪಾಳದಿಂದ ಹುಡುಗರು ಬಂದಿದ್ದಾರೆ. ಅವರ ಮೇಲೆ ಸಿಟ್ಟು ಬೇಡ. ಅವರೂ ಹೊಟ್ಟೆಪಾಡಿಗೆ ಊರು ಬಿಟ್ಟವರೇ, ನಿಮ್ಮ ಪೀಣ್ಯದ ಕಾರ್ಖಾನೆಗಳಿಗೆ ತುಮಕೂರು, ಹಾಸನ, ಕಲಬುರಗಿಯಿಂದ ಬಂದವರ ಹಾಗೆ. ಆ ಹುಡುಗ "ಕ್ಯಾ ಚಾಹಿಯೇ" ಎಂದಾಗ ನೀವೂ ಹಿಂದಿಯಲ್ಲಿ ಉತ್ತರ ಕೊಟ್ಟರೆ ತಪ್ಪು ಅವನದಲ್ಲ. ನಗುತ್ತಾ ಕನ್ನಡದಲ್ಲಿ ಹೇಳಿ, ಎರಡು ಸಲ ಹೇಳಿ. ತಿಂಗಳೊಳಗೆ ಅವನೇ "ಸಾಂಬಾರ್ ಬೇಕಾ ಅಣ್ಣ?" ಎನ್ನುತ್ತಾನೆ.

ಮೂರನೆಯದು ನಡುವೆ ನಿಂತ ದಲ್ಲಾಳಿ. ಮೊಬೈಲಿನಲ್ಲಿ ತರಿಸಿದ ಊಟದ ಬಿಲ್ಲಿನಲ್ಲಿ ಆ ಕಂಪನಿಗಳ ಕಮಿಷನ್ ನೂರಕ್ಕೆ ಇಪ್ಪತ್ತನ್ನೂ ದಾಟುತ್ತದೆ. ದೊಡ್ಡ ಹೋಟೆಲು ತಡೆದುಕೊಳ್ಳಬಹುದು. ಗಂಡ ಹೆಂಡತಿ ಇಬ್ಬರೇ ನಡೆಸುವ ಖಾನಾವಳಿ ಹೇಗೆ ತಡೆಯುತ್ತದೆ?

ಉಳಿದವರು ಹೇಗೆ ಉಳಿದರು?

ಎಲ್ಲವೂ ಮುಳುಗಿಲ್ಲ. ಬಸವನಗುಡಿಯ ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದ ಮುಂದೆ ಇವತ್ತೂ ಜನ ಕಾಯುತ್ತಾರೆ. ಕೆಲವೇ ತಿಂಡಿ, ಅದೇ ದೋಸೆ. 1970ರಲ್ಲಿ ಕೈ ಬದಲಾಯಿತು, ಆದರೆ ಕೊಂಡವರು ಹೋಟೆಲನ್ನು ಹೋಟೆಲಾಗಿಯೇ ಉಳಿಸಿದರು. ಮುಂದಿನ ತಲೆಮಾರು ಬಂದು ಗಲ್ಲಾದಲ್ಲಿ ಕೂತಿತು.

1924ರಲ್ಲಿ ಮಯ್ಯ ಸೋದರರು ಶುರುಮಾಡಿದ ಎಂಟಿಆರ್ ಕಥೆ ಇನ್ನೂ ದೊಡ್ಡದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲಿ ಇಡ್ಲಿ ಮಾಡಿದರು, ಅದೇ ರವೆ ಇಡ್ಲಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ತಿಂಡಿಯ ಬೆಲೆ ಇಳಿಸಲು ಹೇಳಿತು. ಅವರು ಗುಣ ಇಳಿಸಲಿಲ್ಲ. ದಿನದ ನಷ್ಟ ಎಷ್ಟೆಂದು ಬೋರ್ಡು ಬರೆದು ಹಾಕಿದರು! ಕೊನೆಗೆ ಬಾಗಿಲು ಮುಚ್ಚಬೇಕಾದಾಗ, ಕೆಲಸದವರನ್ನು ಬೀದಿಗೆ ಬಿಡದೆ ತಿಂಡಿಪುಡಿಯ ಪೊಟ್ಟಣ ಮಾಡಲು ಹೊರಟರು. ಆ ಪೊಟ್ಟಣದ ವ್ಯಾಪಾರ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಗೆ ಹೋಯಿತು. ಹೋಟೆಲು ಮಾತ್ರ ಮನೆಯವರ ಕೈಯಲ್ಲೇ ಉಳಿಯಿತು.

1983ರಲ್ಲಿ ಜಯನಗರದ ಕೆಫೆ ದರ್ಶಿನಿ ಇನ್ನೊಂದು ದಾರಿ ತೋರಿಸಿತು. ಸಣ್ಣ ಜಾಗ, ನಿಂತು ತಿನ್ನುವುದು, ಟೋಕನ್, ಕಣ್ಣೆದುರೇ ಅಡಿಗೆ. ಕೂರುವ ಸುಖ ಹೋಯಿತು ನಿಜ, ಆದರೆ ಕೂಲಿಯವನಿಗೂ ಕೈಗೆಟುಕುವ ಬೆಲೆಯಲ್ಲಿ ಬಿಸಿ ಇಡ್ಲಿ ಸಿಕ್ಕಿತು. ನಿಮ್ಮ ಹೆಗ್ಗನಹಳ್ಳಿಯಿಂದ ಸುಂಕದಕಟ್ಟೆಯವರೆಗೆ ಬೆಳಗಿನ ಪಾಳಿಗೆ ಓಡುವ ಕಾರ್ಮಿಕರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇವತ್ತು ತಿನ್ನುವುದು ಆ ಮಾದರಿಯ ಜಾಗದಲ್ಲೇ.

ಕಾಫಿ ಹೌಸಿನದೇ ಹಳೆಯ ಕಥೆಯೂ ಇದೆ. 1957ರಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರು ಮನೆಗೆ ಹೋಗಲಿಲ್ಲ. ಸಹಕಾರ ಸಂಘ ಕಟ್ಟಿದರು. ಬೆಂಗಳೂರಿನಲ್ಲೂ ಕಟ್ಟಿದರು. ಲೋಟ ಎತ್ತಿದವನೇ ಒಡೆಯನಾದ. ಈ ಮಾತನ್ನು ಗಂಟು ಹಾಕಿಕೊಳ್ಳಿ.

ಈಗ ನಿಮ್ಮ ಬೀದಿಗೆ ಬನ್ನಿ

ಹೆಗ್ಗನಹಳ್ಳಿ ಹೆಸರಿನಲ್ಲಿ ಹಳ್ಳಿ, ಬದುಕಿನಲ್ಲಿ ನಗರ. ಪೀಣ್ಯದ ದುಡಿಮೆ ನಾಡಿನ ಮೂಲೆಮೂಲೆಯ ಜನರನ್ನು ಇಲ್ಲಿಗೆ ತಂದಿದೆ. ಮುದ್ದೆ ಬಸ್ಸಾರಿನ ಮೆಸ್ಸು, ಜೋಳದ ರೊಟ್ಟಿಯ ಖಾನಾವಳಿ, ಬೇಕರಿ, ತಳ್ಳುಗಾಡಿಯ ತಟ್ಟೆ ಇಡ್ಲಿ, ಇವೇ ಇಲ್ಲಿಯ ಕೃಷ್ಣ ಭವನಗಳು. ಇವು ಮುಚ್ಚಿದರೆ ಪತ್ರಿಕೆಯಲ್ಲಿ ಬರುವುದಿಲ್ಲ. ಒಂದು ದಿನ ಷಟರ್ ಎಳೆದಿರುತ್ತದೆ, ಮರುವಾರ ಮೊಬೈಲು ಅಂಗಡಿ ತೆರೆದಿರುತ್ತದೆ, ಅಷ್ಟೆ. ಆದ್ದರಿಂದ ಈಗಲೇ ಮಾಡಬೇಕಾದ ಕೆಲಸಗಳನ್ನು ಹೇಳುತ್ತೇನೆ.

ಒಂದು, ನಡೆದು ಹೋಗಿ ತಿನ್ನಿ. ಎರಡು ಬೀದಿ ಆಚೆಯ ರೊಟ್ಟಿಯನ್ನು ಮೊಬೈಲಿನಲ್ಲಿ ತರಿಸಬೇಡಿ. ಹೋಗಲಾಗದಿದ್ದರೆ ಹೋಟೆಲಿಗೇ ಫೋನು ಮಾಡಿ.

ಎರಡು, ನವೆಂಬರ್ ಬಂದರೆ ಬೀದಿಬೀದಿಯಲ್ಲಿ ರಾಜ್ಯೋತ್ಸವ. ನೂರಾರು ಜನಕ್ಕೆ ಊಟ. ಆ ಊಟದ ಆರ್ಡರು ನಿಮ್ಮ ಬೀದಿಯ ಖಾನಾವಳಿಗೆ, ಮೆಸ್ಸಿಗೆ ಹೋಗಲಿ. ಧ್ವನಿವರ್ಧಕಕ್ಕೆ ಸುರಿಯುವ ದುಡ್ಡಿನಲ್ಲಿ ಅರ್ಧ ಅಲ್ಲಿಗೆ ಹೋದರೆ ಕನ್ನಡಮ್ಮ ಬೇಸರ ಮಾಡಿಕೊಳ್ಳುವುದಿಲ್ಲ.

ಮೂರು, ಬಿ.ಕಾಂ. ಓದಿದವರು ಇಲ್ಲಿದ್ದೀರಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟೀಸು ಬಂದಾಗ ಬೇಕರಿಯವರು ಹೆದರಿ "ನಗದು ಮಾತ್ರ" ಎಂದು ಚೀಟಿ ಅಂಟಿಸಿದರು. ಅವರಿಗೆ ಬೇಕಾಗಿದ್ದದ್ದು ಘೋಷಣೆಯಲ್ಲ, ಲೆಕ್ಕ ಬರೆದುಕೊಡುವ ಒಬ್ಬ ಹುಡುಗ ಅಥವಾ ಹುಡುಗಿ. ಭಾನುವಾರ ಎರಡು ಗಂಟೆ ಕೊಡಿ. ಬಾಡಿಗೆ ಕರಾರು ಓದಿ ಹೇಳಿ. ಹನ್ನೊಂದು ತಿಂಗಳ ಚೀಟಿಯ ಬದಲು ಹಲವು ವರ್ಷದ ಕರಾರನ್ನು ನೋಂದಣಿ ಮಾಡಿಸಿಕೊಳ್ಳಲು ಜೊತೆಗೆ ಹೋಗಿ. ಇದು ಕನ್ನಡದ ಕೆಲಸವಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಗಲ್ಲಾದ ಆಚೆ ನಿಂತವರು ಈಚೆಗೆ ಬನ್ನಿ. ಒಲೆ ಹೊತ್ತಿಸುವುದು ಕೀಳು ಕೆಲಸ ಎಂಬ ಭ್ರಮೆ ಬಿಡಿ. ಒಬ್ಬರ ಕೈಯಲ್ಲಿ ಆಗದಿದ್ದರೆ ನಾಲ್ವರು ಸೇರಿ. ಕಾಫಿ ಹೌಸಿನ ಕೆಲಸಗಾರರು 1957ರಲ್ಲಿ ಮಾಡಿದ್ದನ್ನು ಓದು ಬರಹ ಬಲ್ಲ ನೀವು ಈಗ ಮಾಡಲಾರಿರಾ?

ಬೋರ್ಡಿಗಾಗಿ ಹೋರಾಡುವುದನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಬೋರ್ಡು ಬೇಕು, ಕಾನೂನೂ ಬೇಕು. ಆದರೆ ಖಾಲಿ ಷಟರಿನ ಮೇಲೆ ಶೇಕಡಾ ನೂರು ಕನ್ನಡ ಬರೆದರೂ ಅದು ಯಾರ ಹಸಿವನ್ನೂ ಕೇಳುವುದಿಲ್ಲ, ಯಾರಿಗೂ "ಬನ್ನಿ" ಎನ್ನುವುದಿಲ್ಲ. ಸಂಪಿಗೆ ರಸ್ತೆಯ ಹೋಟೆಲಿಗೆ ಕೊನೆಯ ವಾರ ಬಂದ ಜನ ಪ್ರೀತಿಯಿಂದಲೇ ಬಂದರು, ಆದರೆ ತಡವಾಗಿ ಬಂದರು. ನಿಮ್ಮ ಬೀದಿಯ ಒಲೆ ಇನ್ನೂ ಉರಿಯುತ್ತಿದೆ. ನಾಳೆ ಬೆಳಿಗ್ಗೆಯೇ ಹೋಗಿ. ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ತಿನ್ನಿ, "ಚೆನ್ನಾಗಿತ್ತು ಅಣ್ಣ" ಎಂದು ಹೇಳಿ ಬನ್ನಿ.

ಸಿರಿಗನ್ನಡಂ ಗೆಲ್ಗೆ!