ಸಸಿಯ ಚೀಲದ ಮಣ್ಣು: ನೀರೂ ಗಾಳಿಯೂ



ಹುನಗುಂದ ಸೀಮೆಯ ಎರೆಭೂಮಿಯ ಗುಣವನ್ನು ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಮಳೆಗಾಲದ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೆಯೂ ಹಿಂಗಾರಿಯ ಜೋಳವನ್ನು ಬೆಳೆಯಿಸುವ ಮಣ್ಣು ಅದು. ಆದರೆ ಅದೇ ಮಣ್ಣನ್ನು ಕುಂಡದಲ್ಲಿಯಾಗಲಿ ಸಸಿಯ ಚೀಲದಲ್ಲಿಯಾಗಲಿ ತುಂಬಿದರೆ, ಸಸಿಯು ಹಳದಿಯಾಗಿ, ಬೇರು ಕೊಳೆತು ಸಾಯುವುದುಂಟು. ನೀರು ಸಾಲದೆಂದು ಬಗೆದು ರೈತನು ಮತ್ತಷ್ಟು ನೀರುಣಿಸುವನು. ಸಸಿಯು ಮತ್ತಷ್ಟು ಬೇಗನೆ ಸಾಯುವುದು. ಹೊಲದಲ್ಲಿ ಗುಣವಾದದ್ದು ಚೀಲದಲ್ಲಿ ದೋಷವಾಗುವುದೇಕೆಂಬುದೇ ಈ ಉಪನ್ಯಾಸದ ವಿಷಯವು.

ಬೇರಿಗೆ ನೀರು ಬೇಕು. ಗಾಳಿಯೂ ಅಷ್ಟೇ ಬೇಕು. ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದುಕೊಳ್ಳುವವು. ದೊಡ್ಡ ಸಂದುಗಳಿಂದ ನೀರಿಳಿದು ಅಲ್ಲಿ ಗಾಳಿ ಸೇರುವುದು. ಎರೆಮಣ್ಣಿನ ಕಣಗಳು ಬಹು ನುಣ್ಣನೆಯವು. ನೀರು ಕುಡಿದು ಉಬ್ಬಿದಾಗ ಸಂದುಗಳು ಮುಚ್ಚುವವು. ಒಣಗಿ ಬಿರಿದಾಗ ಎಳೆಬೇರುಗಳು ಹರಿಯುವವು.

ಹೊಲದಲ್ಲಿ ಕೆಳಗಿನ ಮಣ್ಣು ಮೇಲಿನ ನೀರನ್ನು ಎಳೆದುಕೊಳ್ಳುವುದು. ಕುಂಡದ ತಳದಲ್ಲಿ ಅಂಥ ಎಳೆತವಿಲ್ಲ. ರಂಧ್ರವಿದ್ದರೂ ತಳದ ಪದರಿನಲ್ಲಿ ನೀರು ನಿಲ್ಲುವುದು. ತೊಯ್ದ ಧೋತರದ ಮಡಿಕೆಯನ್ನು ಅಡ್ಡಲಾಗಿ ಹಿಡಿದು, ತೊಟ್ಟಿಕ್ಕುವುದು ನಿಂತ ಮೇಲೆ ಉದ್ದಕ್ಕೆ ತೂಗಿಬಿಟ್ಟರೆ ಮತ್ತೆ ನೀರಿಳಿಯುವುದು. ಆದರೆ ಕೆಳಅಂಚು ತೊಯ್ದೇ ಇರುವುದು. ಕುಂಡದ ಸ್ಥಿತಿಯೂ ಹೀಗೆಯೇ. ಅದು ಗಿಡ್ಡವಾದಷ್ಟೂ ಅದರೊಳಗೆ ಹಸಿಯ ಪಾಲು ಹೆಚ್ಚು. ಕಾಯಿಪಲ್ಲೆಯ ಸಸಿ ಬೆಳೆಸುವ ಪ್ಲಾಸ್ಟಿಕ್ ತಟ್ಟೆಯ ಕಿರುಗುಳಿಗಳಿಗೆ ಮಣ್ಣು ಒಗ್ಗದಿರುವುದು ಇದರಿಂದಲೇ. ತಳದಲ್ಲಿ ಹರಳು ಹಾಸಿದರೆ ನೀರು ಬಸಿಯುವುದೆಂಬ ನಂಬಿಕೆಯೂ ಸರಿಯಲ್ಲ. ಹಸಿಯ ಪದರು ಹರಳಿನ ಮೇಲಕ್ಕೆ ಏರಿ, ಬೇರಿಗೆ ಇನ್ನಷ್ಟು ಹತ್ತಿರವಾಗುವುದು.

ಇಂಗ್ಲೆಂಡಿನ ಜಾನ್ ಇನ್ನೆಸ್ ತೋಟಗಾರಿಕೆ ಸಂಸ್ಥೆಯವರು 1930ರ ದಶಕದಲ್ಲಿ ಕುಂಡಗಳಿಗಾಗಿ 7 ಪಾಲು ಹದವಾದ ಮಣ್ಣು, 3 ಪಾಲು ಪೀಟ್ ಎಂಬ ಜೌಗುನೆಲದ ಸಸ್ಯಶೇಷ, 2 ಪಾಲು ದಪ್ಪ ಉಸುಕು ಎಂಬ ಅಳತೆಯನ್ನು ಗೊತ್ತುಮಾಡಿದರು. ಈ ದೇಶದ ಸಸಿಮನೆಗಳಲ್ಲಿ ಪೀಟಿನ ಕೆಲಸವನ್ನು ತೆಂಗಿನ ನಾರಿನ ಪುಡಿಯು ಮಾಡುತ್ತಿದೆ. ಅದು ಹಗುರ, ತನ್ನ ತೂಕದ ಹಲವು ಪಟ್ಟು ನೀರು ಹಿಡಿದರೂ ಗಾಳಿಗೆ ಎಡೆಗೊಡುವುದು. ಆದರೆ ಅದರಲ್ಲಿ ಉಪ್ಪು ಇರಬಹುದಾದುದರಿಂದ ಸಿಹಿನೀರಿನಲ್ಲಿ ತೊಳೆದು ಬಳಸಬೇಕು; ಒತ್ತಿ ತುಂಬಬಾರದು. ದೊಡ್ಡ ಚೀಲಗಳಿಗೆ 2 ಪಾಲು ಹಗುರ ಮಸಾರಿ ಮಣ್ಣು, 1 ಪಾಲು ದಪ್ಪ ಉಸುಕು, 1 ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಸಾಕು. ನುಣ್ಣನೆಯ ಉಸುಕು ಬೇಡ. ಅದು ಸಂದುಗಳನ್ನೇ ತುಂಬಿಬಿಡುವುದು.

ಮಿಶ್ರಣದ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ಚೀಲದಷ್ಟೇ ಎತ್ತರದ ಒಂದು ಡಬ್ಬಿಯ ತಳಕ್ಕೆ ರಂಧ್ರಗಳನ್ನು ಕೊರೆದು, ಮೇಣದಿಂದ ಮುಚ್ಚಿ, ಅದು ಎಷ್ಟು ನೀರು ಹಿಡಿಯುವುದೆಂದು ಅಳೆಯಬೇಕು. ಬಳಿಕ ಅದನ್ನು ಬರಿದುಮಾಡಿ ಮಿಶ್ರಣ ತುಂಬಿ, ಮೇಲ್ಮೈ ಹೊಳೆಯುವವರೆಗೆ ನೀರನ್ನು ಮೆಲ್ಲನೆ ಎರೆಯಬೇಕು. ರಂಧ್ರಗಳನ್ನು ತೆರೆದಾಗ ಬಸಿದ ನೀರೆಷ್ಟೋ, ಗಾಳಿಯ ಎಡೆಯೂ ಅಷ್ಟೇ. 1 ಲೀಟರಿನ ಡಬ್ಬಿಯಿಂದ 100ರಿಂದ 200 ಮಿಲಿಲೀಟರು ಬಂದರೆ ಮಿಶ್ರಣವು ಹದವಾಗಿದೆ. ಬಹಳ ಕಡಿಮೆ ಬಂದರೆ ದಪ್ಪ ಉಸುಕನ್ನೋ ನಾರಿನ ಪುಡಿಯನ್ನೋ ಹೆಚ್ಚಿಸಿ ಪುನಃ ಪರೀಕ್ಷಿಸಬೇಕು.

ಕಲಾದಗಿಯ ಸುತ್ತಲೂ ದಾಳಿಂಬೆ, ಚಿಕ್ಕುಗಳ ತೋಟ ಹಾಕುವವರು ಸಸಿ ಕೊಳ್ಳುವಾಗ ಎಲೆಯ ಹಸುರನ್ನಷ್ಟೇ ನೋಡಬಾರದು. ಒಂದೆರಡು ಚೀಲ ಬಿಚ್ಚಿಸಿ ನೋಡಬೇಕು. ಬೇರಿನ ತುದಿ ಬೆಳ್ಳಗಿದ್ದರೆ ಕೊಳ್ಳಬಹುದು. ಕರಿದಾಗಿ ನಾರುತ್ತಿದ್ದರೆ ಬಿಡಬೇಕು. ಹಣ್ಣಿನ ಗಿಡವು ವರ್ಷಗಟ್ಟಲೆ ನಿಲ್ಲತಕ್ಕದ್ದು. ಕೆಟ್ಟ ಬೇರಿನ ಸಸಿ ನೆಟ್ಟವನು ಹಣದೊಡನೆ ಕಾಲವನ್ನೂ ಕಳೆದುಕೊಳ್ಳುವನು. ಸಂಶಯವಿದ್ದವರಿಗೆ 2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಬಾಗಲಕೋಟೆಯಲ್ಲಿಯೇ ಇದೆ, ಅಲ್ಲಿ ವಿಚಾರಿಸಬಹುದು. ಗೌಡರೂ ಹಿರಿಯರೂ ಈ ಪರೀಕ್ಷೆಯನ್ನು ಮೊದಲು ತಮ್ಮ ಮನೆಯಂಗಳದಲ್ಲಿ ಮಾಡಿ ತೋರಿಸಿದರೆ, ಊರಿನ ಉಳಿದವರೂ ಅದನ್ನು ಅನುಸರಿಸುವರು.