ಹಾಡು ಆರಿಸುವ ಮೊದಲು ಮಕ್ಕಳನ್ನು ನೋಡೋಣ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸುವರ್ಣ ಮಹೋತ್ಸವದ ನೆನಪಿಗಾಗಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಗೆ ಒಂದು ಬ್ಯಾಂಡ್ ಸೆಟ್ ಕೊಡಿಸಬೇಕೆಂದು ಸಮಿತಿ ತೀರ್ಮಾನಿಸಿದೆ. ಬಹಳ ಸಂತೋಷದ ವಿಷಯ. ಅಂದಿನಿಂದ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದೇ ಚರ್ಚೆ: ಮಕ್ಕಳು ಯಾವ ಹಾಡು ನುಡಿಸಬೇಕು? ಒಬ್ಬರಿಗೆ ರಾಜ್‌ಕುಮಾರ್ ಹಾಡೇ ಆಗಬೇಕು, ಇನ್ನೊಬ್ಬರಿಗೆ ಈ ವರ್ಷದ ಹಿಟ್ ಹಾಡು, ಮತ್ತೊಬ್ಬರಿಗೆ ದೇಶಭಕ್ತಿ ಗೀತೆ. ನಾನು ಸಂಗೀತಗಾರನಲ್ಲ, ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಆದರೂ ಈ ಪ್ರಶ್ನೆಯ ಬಗ್ಗೆ ಹತ್ತು ನಿಮಿಷ ಮಾತನಾಡಲು ಅನುಮತಿ ಕೇಳಿದ್ದೇನೆ. ಕಾರಣ, ಕಂಪನಿ ಕೆಲಸದ ಮೇಲೆ ನಾನು ಕೆಲವು ವರ್ಷ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿದ್ದೆ. ಬ್ಯಾಂಡಿನ ಮಟ್ಟಿಗೆ ಅದು ನಮ್ಮ ದಸರಾ ಕಾಲದ ಮೈಸೂರಿದ್ದಂತೆ.

ಆ ದೇಶದ ಹೈಸ್ಕೂಲುಗಳಲ್ಲಿ ಮಾರ್ಚಿಂಗ್ ಬ್ಯಾಂಡ್ ಇರುವುದು ಸಾಮಾನ್ಯ. ಅವುಗಳಲ್ಲಿ ಹೆಚ್ಚಿನವು ನಮ್ಮಂತೆಯೇ ಸರ್ಕಾರಿ ಶಾಲೆಗಳು ಎಂಬುದನ್ನು ಗಮನಿಸಿ. ಇದಲ್ಲದೆ ಡ್ರಮ್ ಕೋರ್ ಎಂಬ ತಂಡಗಳಿವೆ. ಇಪ್ಪತ್ತೊಂದು ಇಪ್ಪತ್ತೆರಡು ವರ್ಷದೊಳಗಿನ ಸುಮಾರು 150 ಯುವಕ ಯುವತಿಯರ ತಂಡ. ತುತ್ತೂರಿ ಜಾತಿಯ ಹಿತ್ತಾಳೆ ವಾದ್ಯಗಳು, ಡ್ರಮ್ಮುಗಳು, ಬಾವುಟ ಹಿಡಿದು ಕುಣಿಯುವವರು. ಬೇಸಿಗೆ ರಜೆಯಿಡೀ ಬಸ್ಸಿನಲ್ಲಿ ಊರೂರು ಸುತ್ತಿ, ಫುಟ್‌ಬಾಲ್ ಮೈದಾನದಲ್ಲಿ ಹತ್ತು ಹನ್ನೊಂದು ನಿಮಿಷದ ಪ್ರದರ್ಶನ ಕೊಡುತ್ತಾರೆ. ಇವರ ರಾಷ್ಟ್ರಮಟ್ಟದ ಸ್ಪರ್ಧೆ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲಿ ಶುರುವಾಯಿತು. ಈಗ ಆಗಸ್ಟ್ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನ ದೊಡ್ಡ ಕ್ರೀಡಾಂಗಣದಲ್ಲಿ ನಡೆಯುತ್ತದೆ. ಹತ್ತು ನಿಮಿಷದ ಆ ಆಟಕ್ಕೆ ಸಂಗೀತ ಆರಿಸಲು ಅವರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ.

ಅಷ್ಟು ಯೋಚಿಸುವುದು ಏನಿದೆ ಎಂದು ನಿಮಗನ್ನಿಸಬಹುದು. ಮೊದಲನೆಯದಾಗಿ ವಾದ್ಯವನ್ನೇ ನೋಡಿ. ಡ್ರಮ್ ಕೋರ್‌ಗಳು ಹುಟ್ಟಿದ್ದು ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳ ಆಶ್ರಯದಲ್ಲಿ. ಅವರ ಕೈಯಲ್ಲಿದ್ದದ್ದು ಸೈನ್ಯದ ಬ್ಯೂಗಲ್. ಬ್ಯೂಗಲ್‌ಗೆ ಒತ್ತುವ ಕೀಲಿ ಇಲ್ಲ, ತುಟಿಯ ಬಿಗಿಯಿಂದಲೇ ಸ್ವರ ಬದಲಿಸಬೇಕು. ಹಾಗಾಗಿ ಐದಾರು ಸ್ವರಗಳಿಗಿಂತ ಹೆಚ್ಚು ಬರುವುದಿಲ್ಲ. ಸರಿಗಮಪದನಿ ಪೂರ್ತಿ ಇಲ್ಲದ ವಾದ್ಯದಲ್ಲಿ ಸಿನಿಮಾ ಹಾಡು ನುಡಿಸುವುದಾದರೂ ಹೇಗೆ? ದಶಕಗಳ ಕಾಲ ಒಂದೊಂದೇ ಕೀಲಿ ಸೇರಿಸುತ್ತಾ ಬಂದ ಮೇಲೆ ಅವರ ಹಾಡಿನ ಪಟ್ಟಿಯೂ ಬೆಳೆಯಿತು. ನಮ್ಮ ಬ್ಯಾಂಡ್ ಸೆಟ್ಟಿನ ಅಂದಾಜು ಪಟ್ಟಿಯಲ್ಲಿ ಆರು ಬ್ಯೂಗಲ್ ಇವೆ. ಅವುಗಳನ್ನು ಕೊಂಡು ಆಮೇಲೆ ರಾಜ್‌ಕುಮಾರ್ ಹಾಡು ಕೇಳಿದರೆ ಮಕ್ಕಳು ಏನು ಮಾಡಬೇಕು? ಹಾಡು ಬೇಕಾದರೆ ಕೊಳಲೋ ಕೀಲಿಯಿರುವ ತುತ್ತೂರಿಯೋ ಬೇಕು.

ಎರಡನೆಯದು ಮೈದಾನ. ಇದು ನಮ್ಮ ಎಂಟನೇ ತರಗತಿಯ ವಿಜ್ಞಾನದ ಪಾಠ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಮೆರಿಕದ ಫುಟ್‌ಬಾಲ್ ಮೈದಾನ 100 ಗಜ, ಎಂದರೆ 91 ಮೀಟರ್ ಉದ್ದ. ಒಂದು ತುದಿಯ ಡ್ರಮ್ ಸದ್ದು ಇನ್ನೊಂದು ತುದಿಯವನ ಕಿವಿಗೆ ಬೀಳಲು ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚೇ ಬೇಕು. ನಿಮಿಷಕ್ಕೆ 120 ಪೆಟ್ಟಿನ ಸಾಧಾರಣ ನಡಿಗೆಯ ತಾಳ ಇಟ್ಟುಕೊಂಡರೆ ಪೆಟ್ಟಿನಿಂದ ಪೆಟ್ಟಿಗೆ ಅರ್ಧ ಸೆಕೆಂಡು. ಎಂದರೆ ಕಿವಿ ನಂಬಿ ಬಾರಿಸಿದವನು ಅರ್ಧ ಪೆಟ್ಟು ಹಿಂದೆ ಬೀಳುತ್ತಾನೆ. 180ರ ವೇಗಕ್ಕೆ ಹೋದರೆ ಮುಕ್ಕಾಲು ಪೆಟ್ಟು! ಅದಕ್ಕೇ ಮುಂದೆ ನಿಂತ ನಾಯಕನ ಕೈಯನ್ನು ಕಣ್ಣಿನಿಂದ ಹಿಡಿಯುವುದನ್ನು ಕಲಿಸುತ್ತಾರೆ. ಅತಿ ವೇಗದ ಭಾಗ ಬಂದಾಗ ತಂಡವನ್ನು ಹತ್ತಿರಕ್ಕೆ ತರುತ್ತಾರೆ. ಕೋಣೆಯೊಳಗೆ ಚೆನ್ನಾಗಿ ಕೇಳಿಸಿದ ಹಾಡೆಲ್ಲ ಬಯಲಿಗೆ ಒಗ್ಗುವುದಿಲ್ಲ.

ಮೂರನೆಯದು ಉಸಿರು. ನಡೆಯುತ್ತಾ, ಕೆಲವೊಮ್ಮೆ ಓಡುತ್ತಾ ಊದಬೇಕು. ಆದ್ದರಿಂದ ಜೋರಾದ ಆರಂಭ, ಮಧ್ಯೆ ನಿಧಾನದ ಒಂದು ಮಧುರ ಹಾಡು, ಡ್ರಮ್ಮಿನವರಿಗೆಂದೇ ಒಂದು ಭಾಗ, ಕೊನೆಗೆ ಎಲ್ಲರೂ ಸೇರಿದ ಅಬ್ಬರ, ಹೀಗೆ ಜೋಡಿಸುವುದು ರೂಢಿ. ಡ್ರಮ್ಮಿನವರು ಬಾರಿಸುವಾಗ ಊದುವವರು ಸುಧಾರಿಸಿಕೊಳ್ಳುತ್ತಾರೆ. ಕೇಳುವವರಿಗೂ ಅದೇ ಹಿತ. ಊಟದ ಎಲೆಗೆ ಬರೀ ಪಾಯಸವನ್ನೇ ಬಡಿಸಿದರೆ ಯಾರು ಉಣ್ಣುತ್ತಾರೆ?

ಇಷ್ಟಾದ ಮೇಲೆ ಬರುವುದು ಅಭಿರುಚಿ. ಇಲ್ಲಿ ಎರಡು ತಂಡಗಳ ಕಥೆ ಹೇಳುತ್ತೇನೆ. 1988ರಲ್ಲಿ ಮ್ಯಾಡಿಸನ್ ಸ್ಕೌಟ್ಸ್ ಎಂಬ ತಂಡ ಕ್ಯೂಬಾ ದೇಶದ ಎರ್ನೆಸ್ಟೊ ಲೆಕುವೊನಾ ರಚಿಸಿದ ‘ಮಲಗೇನಿಯಾ’ ನುಡಿಸಿ ಪ್ರಶಸ್ತಿ ಗೆದ್ದಿತು. ಜನರಿಗೆ ಪರಿಚಿತವಾದ, ಮೈ ಜುಮ್ಮೆನ್ನಿಸುವ ಸಂಗೀತ. 1993ರಲ್ಲಿ ಸ್ಟಾರ್ ಆಫ್ ಇಂಡಿಯಾನಾ ತಂಡ ಅದಕ್ಕೆ ತದ್ವಿರುದ್ಧವಾಗಿ ಸ್ಯಾಮ್ಯುಯೆಲ್ ಬಾರ್ಬರ್ ಮತ್ತು ಬೇಲಾ ಬಾರ್ಟೋಕ್ ಅವರ ಕಠಿಣ, ಕರ್ಕಶವೆನ್ನಿಸುವ ರಚನೆಗಳನ್ನು ಆರಿಸಿತು. ಕೆಲವು ಪ್ರೇಕ್ಷಕರು ಕೂಗಿ ವಿರೋಧ ವ್ಯಕ್ತಪಡಿಸಿದರು. ತಂಡ ಕೇವಲ 0.1 ಅಂಕದಿಂದ ಎರಡನೇ ಸ್ಥಾನಕ್ಕೆ ಇಳಿಯಿತು. ಆದರೆ ಇಂದು ಆ ಪ್ರದರ್ಶನವನ್ನು ಆ ಕಲೆಯ ಮೈಲಿಗಲ್ಲು ಎಂದು ಎಣಿಸುತ್ತಾರೆ. ಅದೇ ತಂಡ ಮುಂದೆ ‘ಬ್ಲಾಸ್ಟ್’ ಎಂಬ ರಂಗಪ್ರದರ್ಶನವಾಗಿ ಬೆಳೆದು 2001ರಲ್ಲಿ ಟೋನಿ ಪ್ರಶಸ್ತಿ ಪಡೆಯಿತು. ಯಾರ ಆಯ್ಕೆ ಸರಿ? ನನ್ನ ಮಟ್ಟಿಗೆ ಎರಡೂ ಸರಿ. ಎರಡೂ ಕಡೆ ತಮ್ಮ ಮಕ್ಕಳು ಅದನ್ನು ನುಡಿಸಬಲ್ಲರು ಎಂಬ ಖಾತ್ರಿ ಆರಿಸಿದವರಿಗೆ ಇತ್ತು.

ನಮ್ಮ ದೇಶದಲ್ಲೂ ಈ ಆಯ್ಕೆ ಸಣ್ಣ ವಿಷಯವಲ್ಲ. ದೆಹಲಿಯಲ್ಲಿ ಜನವರಿ 29ರಂದು ನಡೆಯುವ ಬೀಟಿಂಗ್ ರಿಟ್ರೀಟ್‌ನಿಂದ 2022ರಲ್ಲಿ ಗಾಂಧೀಜಿಗೆ ಪ್ರಿಯವಾಗಿದ್ದ ‘ಅಬೈಡ್ ವಿತ್ ಮಿ’ ಕೈಬಿಟ್ಟು ‘ಏ ಮೇರೆ ವತನ್ ಕೆ ಲೋಗೋ’ ಸೇರಿಸಿದಾಗ ದೇಶದಲ್ಲೆಲ್ಲ ಪರ ವಿರೋಧದ ಚರ್ಚೆಯಾಯಿತು. ಬ್ಯಾಂಡ್ ನುಡಿಸುವ ಹಾಡು, ನಾವು ಯಾರು ಎಂದು ಹೇಳುವ ಹಾಡು ಎಂದು ಜನ ಭಾವಿಸುತ್ತಾರೆ.

ಇಂಡಿಯಾನಾಪೊಲಿಸ್‌ನಲ್ಲಿ ನಮ್ಮ ಮನೆಯ ಹತ್ತಿರದ ಹೈಸ್ಕೂಲಿನ ಬ್ಯಾಂಡಿಗೆ ಶನಿವಾರ ಸಾಮಾನು ಹೊರಲು ಸ್ವಯಂಸೇವಕನಾಗಿ ಹೋಗುತ್ತಿದ್ದೆ. ಅಲ್ಲಿನ ಬ್ಯಾಂಡ್ ಮೇಷ್ಟ್ರು ಹಾಡು ಆರಿಸುವ ಮೊದಲು ಒಂದು ಹಾಳೆಯಲ್ಲಿ ಮಕ್ಕಳ ಹೆಸರು ಬರೆದುಕೊಳ್ಳುತ್ತಿದ್ದರು. ಯಾರಿಗೆ ಮೇಲಿನ ಸ್ವರ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ, ಯಾರು ಹೊಸಬರು ಎಂದು. ಒಂದೇ ಹಾಡನ್ನು ತುತ್ತೂರಿಗೆ ಮೂರು ಬಗೆಯಾಗಿ ಬರೆಯುತ್ತಾರೆ. ಮೊದಲನೆಯದು ಕಷ್ಟದ್ದು, ಮೂರನೆಯದು ನೀಳವಾದ ಕೆಲವೇ ಸ್ವರ. ಮೂರನೆಯದನ್ನು ನುಡಿಸುವ ಹುಡುಗ ನಿಂತರೆ ಹಾಡಿನ ತಳವೇ ಟೊಳ್ಳಾಗುತ್ತದೆ. ನಿನ್ನೆ ಮೊನ್ನೆ ವಾದ್ಯ ಹಿಡಿದವನಿಗೂ ಅಲ್ಲಿ ನಿಜವಾದ ಕೆಲಸವಿದೆ. ನಾನು ಅಲ್ಲಿಂದ ತಂದದ್ದು ಇದೊಂದೇ ಪಾಠ.

ಸರ್ಕಾರಿ ಶಾಲೆಗೆ ಇದು ಇನ್ನೂ ಮುಖ್ಯ. ನಮ್ಮ ಮಕ್ಕಳು ಮೂರು ನಾಲ್ಕು ಹಳ್ಳಿಗಳಿಂದ ಬರುತ್ತಾರೆ. ಸಂಜೆ ಬಸ್ ತಪ್ಪಿದರೆ ಮನೆ ಸೇರುವುದು ಕಷ್ಟ. ಪ್ರತಿ ವರ್ಷ ಹತ್ತನೇ ತರಗತಿಯವರು ಹೊರಟುಹೋಗುತ್ತಾರೆ. ನಮಗೆ ಇಷ್ಟವಾದ ಕಷ್ಟದ ಹಾಡನ್ನು ಆರಿಸಿದರೆ ಮೊದಲೇ ಬರುವ ನಾಲ್ಕು ಮಕ್ಕಳು ನುಡಿಸುತ್ತಾರೆ, ಉಳಿದ ಮೂವತ್ತು ಮಂದಿ ನೋಡುತ್ತಾ ನಿಲ್ಲುತ್ತಾರೆ. ಎರಡು ವರ್ಷದಲ್ಲಿ ಡ್ರಮ್ಮುಗಳು ಸ್ಟಾಫ್ ರೂಮಿನ ಅಟ್ಟ ಸೇರುತ್ತವೆ.

ಅದಕ್ಕೆ ನನ್ನ ವಿನಂತಿ ಇಷ್ಟು. ವಾದ್ಯ ಕೊಳ್ಳುವ ಮೊದಲು ದೈಹಿಕ ಶಿಕ್ಷಕರು ಮಕ್ಕಳ ಪಟ್ಟಿ ಮಾಡಲಿ. ಮೊದಲ ವರ್ಷ ಒಂದು ನಡಿಗೆಯ ತಾಳ ಮತ್ತು ನಾಡಗೀತೆ ಸಾಕು. ಡ್ರಮ್ಮಿನ ಭಾಗಕ್ಕೆ ನಮ್ಮೂರ ಡೊಳ್ಳಿನ ತಂಡದ ಹಿರಿಯರನ್ನು ಕರೆಯೋಣ. ಆ ಪೆಟ್ಟುಗಳು ನಮ್ಮ ಮಕ್ಕಳ ಕಿವಿಯಲ್ಲಿ ಈಗಾಗಲೇ ಇವೆ, ಬಯಲಿಗೆಂದೇ ಹುಟ್ಟಿದ ವಾದ್ಯ ಅದು. ಹುಡುಗಿಯರೂ ಅರ್ಧದಷ್ಟು ಇರಲಿ. ಉಳಿದ ಹಣವನ್ನು ಹಂಚಿ ಮೂರು ವರ್ಷ ವಾರಕ್ಕೊಮ್ಮೆ ಕಲಿಸುವವರಿಗೆ ಗೌರವಧನ ಕೊಡೋಣ. ರಾಜ್‌ಕುಮಾರ್ ಹಾಡನ್ನು ಮೂರನೇ ವರ್ಷಕ್ಕೆ ಇಟ್ಟುಕೊಳ್ಳೋಣ. ಆಗ ಕೇಳಲು ನಾನೂ ಬರುತ್ತೇನೆ.

ದಾನ ಕೊಡುವವರು ನಾವು, ನುಡಿಸುವವರು ಅವರು. ಹಾಡಿನ ವಿಷಯದಲ್ಲಿ ಅವರ ಮಾತು ಮೊದಲು ಕೇಳೋಣ.

ಜೈ ಹಿಂದ್. ಜೈ ಕರ್ನಾಟಕ.